ಮೊದ್ಲು ಟನ್ ಲೆಕ್ಕ, ಆಮೇಲೆ ಹಳಿ, ಕೊನೆಗೆ ಚಿಮಣಿ

ಟ್ರೇನ್ ಸಿಮ್ಯುಲೇಟರ್‌ಗೆ (ಕಂಪ್ಯೂಟರಲ್ಲಿ ರೈಲು ಓಡಿಸೋ ಆಟ) ರೂಟ್, ಅಂದ್ರೆ ಆಟದೊಳಗಿನ ರೈಲು ದಾರಿ, ಮಾಡೋರು ಸ್ಟೇಷನ್ನು, ಸಿಗ್ನಲ್ಲು, ಹಳದಿ ಬೋರ್ಡು ಎಲ್ಲಾನೂ ಎಷ್ಟು ಶ್ರದ್ಧೆಯಿಂದ ಮಾಡ್ತಾರೆ ಅಂದ್ರೆ ನೋಡಿದ ತಕ್ಷಣ ಇದು ಇಂಥ ಊರು ಅಂತ ಹೇಳ್ಬಿಡ್ಬಹುದು, ಆದ್ರೆ ಗೂಡ್ಸ್ ವಿಷಯಕ್ಕೆ ಬಂದ್ರೆ ಗಾಡಿ ಒಂದು ಕಡೆಯಿಂದ ಬರತ್ತೆ ಇನ್ನೊಂದು ಕಡೆ ಹೋಗತ್ತೆ ಅಷ್ಟೇ, ಅದ್ರಲ್ಲಿ ಏನಿದೆ, ಯಾರಿಗೆ ಬೇಕು, ಎಲ್ಲಿ ಖಾಲಿ ಆಗತ್ತೆ ಒಂದೂ ಗೊತ್ತಾಗಲ್ಲ. ಫ್ಯಾಕ್ಟರಿ ಇಟ್ಟಿದ್ರೂ ಲೈನ್ ಪಕ್ಕ ಒಂದು ದೊಡ್ಡ ಶೆಡ್ಡು, ಎರಡು ಚಿಮಣಿ, ನೂರು ಮೀಟರ್ ಸೈಡಿಂಗು (ಮೇನ್ ಲೈನಿಂದ ಕವಲೊಡೆದ ಪಕ್ಕದ ಹಳಿ), ಮುಗೀತು. ನನ್ನ ಪ್ರಕಾರ ಫ್ಯಾಕ್ಟರಿ ಅನ್ನೋದು ರೈಲಿನ ಮಟ್ಟಿಗೆ ಕಟ್ಟಡವೇ ಅಲ್ಲ, ದಿನಕ್ಕೆ ಇಷ್ಟು ಟನ್ ಒಳಗೆ ಇಷ್ಟು ಟನ್ ಹೊರಗೆ ಅನ್ನೋ ಒಂದು ಬೇಡಿಕೆ. ಆ ನಂಬರ್ ಗೊತ್ತಾದ್ರೆ ಹಳಿ ಹೇಗಿರ್ಬೇಕು ಅನ್ನೋದನ್ನ ಅದೇ ಹೇಳತ್ತೆ.

ರಾಯಚೂರು ಶಕ್ತಿನಗರದ ಥರ್ಮಲ್ ಪ್ಲಾಂಟನ್ನೇ ತಗೊಳ್ಳಿ. 210 ಮೆಗಾವ್ಯಾಟಿಂದು ಏಳು ಜನರೇಟರ್ ಯೂನಿಟ್ಟು, 250ದು ಒಂದು, ಒಟ್ಟು 1,720 ಮೆಗಾವ್ಯಾಟ್. ಎಲ್ಲಾ ಫುಲ್ ಲೋಡಲ್ಲಿ ಓಡಿದ್ರೆ (ಯಾವಾಗ್ಲೂ ಓಡಲ್ಲ, ಆದ್ರೆ ಹಳಿ ಹಾಕೋವಾಗ ಫುಲ್ ಲೋಡೇ ಲೆಕ್ಕ) ದಿನಕ್ಕೆ ಸುಮಾರು 4.1 ಕೋಟಿ ಯೂನಿಟ್ ಕರೆಂಟು. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಹಾಗಾಗಿ ಒಂದು ಯೂನಿಟ್ ಕರೆಂಟಿಗೆ 650ರಿಂದ 700 ಗ್ರಾಂ ಕಲ್ಲಿದ್ದಲು ಸುಡ್ಬೇಕು, ಅಂದ್ರೆ ದಿನಕ್ಕೆ ಹತ್ರಹತ್ರ 27,000 ಟನ್. ಒಂದು ಬಾಕ್ಸ್‌ಎನ್ ವ್ಯಾಗನ್‌ನಲ್ಲಿ (ಮೇಲೆ ತೆರೆದಿರೋ ಕಲ್ಲಿದ್ದಲು ಡಬ್ಬಿ) ಸುಮಾರು 58 ಟನ್ ಹಿಡಿಯತ್ತೆ, ರೇಕ್‌ಗೆ, ಅಂದ್ರೆ ಒಂದೇ ಗಾಡಿಯಾಗಿ ಜೋಡಿಸಿದ ವ್ಯಾಗನ್ ಸಾಲಿಗೆ, 58 ವ್ಯಾಗನ್, ಹಾಗಾಗಿ ಒಂದು ರೇಕ್ ಅಂದ್ರೆ ಹತ್ರಹತ್ರ 3,400 ಟನ್. ಭಾಗಿಸಿ ನೋಡಿ, ದಿನಕ್ಕೆ ಎಂಟು ರೇಕ್ ಬರ್ಬೇಕು, ಮೂರು ಗಂಟೆಗೊಂದು, ಹಗಲೂ ರಾತ್ರಿ.

ಈಗ ಉದ್ದ. ಬಾಕ್ಸ್‌ಎನ್ ಒಂದಕ್ಕೆ 10.7 ಮೀಟರ್, 58ಕ್ಕೆ ಸುಮಾರು 620, ಅದಕ್ಕೆ ಎರಡು ಇಂಜಿನ್ನು ಒಂದು ಬ್ರೇಕ್ ವ್ಯಾನ್ ಸೇರ್ಸಿದ್ರೆ 670 ಮೀಟರ್ ಆಗತ್ತೆ. ನಮ್ಮ ರೈಲ್ವೆಯಲ್ಲಿ ಲೂಪ್ ಲೈನಿಗೆ (ಎರಡೂ ತುದಿ ಮೇನ್ ಲೈನ್ ಸೇರೋ ಪಕ್ಕದ ಹಳಿ) 686 ಮೀಟರ್ ಅನ್ನೋ ಅಳತೆ ಇದೆಯಲ್ಲ, ಅದ್ರಲ್ಲಿ ಈ ಗಾಡಿ ಕರೆಕ್ಟಾಗಿ ಕೂರತ್ತೆ. ಹಾಗಿದ್ಮೇಲೆ ನೂರು ಮೀಟರ್ ಸೈಡಿಂಗಿಟ್ರೆ ಅಲ್ಲಿ ಒಂಬತ್ತು ವ್ಯಾಗನ್ ಮಾತ್ರ ನಿಲ್ಲತ್ತೆ, ಉಳಿದ ನಲವತ್ತೊಂಬತ್ತು ಮೇನ್ ಲೈನಲ್ಲಿ ನಿಂತು ಎಕ್ಸ್‌ಪ್ರೆಸ್ಸಿಗೆ ದಾರಿ ಕಟ್ಟತ್ತೆ!

ಇಷ್ಟಕ್ಕೇ ಮುಗಿಯಲ್ಲ. ಬಾಕ್ಸ್‌ಎನ್ ಖಾಲಿ ಮಾಡೋದು ವ್ಯಾಗನ್ ಟಿಪ್ಲರಲ್ಲಿ, ವ್ಯಾಗನ್ನನ್ನ ಕಪ್ಲಿಂಗ್ ಬಿಚ್ಚಿ, ಟಿಪ್ಲರ್ ಮೇಲೆ ತಂದು ನಿಲ್ಲಿಸಿ, ಕ್ಲಾಂಪ್ ಹಾಕಿ, ಹಳಿ ಸಮೇತ ಪಕ್ಕಕ್ಕೆ ಮಗುಚಿ ಹಾಕತ್ತೆ, ಕಲ್ಲಿದ್ದಲು ಕೆಳಗಿನ ಹಾಪರ್‌ಗೆ (ಸುರಿಯೋ ಗುಂಡಿ) ಬೀಳತ್ತೆ, ಮತ್ತೆ ನೆಟ್ಟಗೆ ನಿಂತ್ಮೇಲೆ ಹಿಂದಿನ ಲೋಡ್ ವ್ಯಾಗನ್ ಬಂದು ಇದನ್ನ ಆಚೆ ಕಡೆಗೆ ನೂಕತ್ತೆ. ಗಂಟೆಗೆ 15 ವ್ಯಾಗನ್ ಅಂತ ಇಟ್ಕೊಂಡ್ರೆ 58ಕ್ಕೆ ಹತ್ರ ಹತ್ರ ನಾಲ್ಕು ಗಂಟೆ. ಆದ್ರೆ ರೇಕ್ ಬರ್ತಿರೋದು ಮೂರು ಗಂಟೆಗೊಂದು! ಅಂದ್ರೆ ಒಂದೇ ಟಿಪ್ಲರ್ ಇಟ್ರೆ ಬೆಳಿಗ್ಗೆ ಶುರುವಾದ ಕ್ಯೂ ಸಂಜೆ ಹೊತ್ತಿಗೆ ಪಕ್ಕದ ಸ್ಟೇಷನ್ ತನಕ ಬೆಳೆದಿರತ್ತೆ, ಕನಿಷ್ಠ ಎರಡಾದ್ರೂ ಬೇಕು, ಜೊತೆಗೆ ಕಾಯೋ ರೇಕಿಗೆ ಎರಡು ಮೂರು ಲೈನು. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ, ಟಿಪ್ಲರಿನ ಒಂದು ಕಡೆ ಲೋಡ್ ವ್ಯಾಗನ್ ನಿಲ್ಲೋಕೆ ಎಷ್ಟು ಉದ್ದ ಬೇಕೋ ಇನ್ನೊಂದು ಕಡೆ ಖಾಲಿ ವ್ಯಾಗನ್ ಸೇರೋಕೂ ಅಷ್ಟೇ ಉದ್ದ ಬೇಕು, ಹಾಗಾಗಿ ಇಡೀ ರೇಕ್ ಒಟ್ಟಿಗೆ ಹಾಕೋದಾದ್ರೆ 1.3 ಕಿಲೋಮೀಟರ್ ಜಾಗ ಹೋಗತ್ತೆ. ಅಷ್ಟು ಜಾಗ ಇಲ್ಲ ಅಂದ್ರೆ ರೇಕನ್ನ ಎರಡು ಭಾಗ ಮಾಡಿ ಶಂಟಿಂಗ್ ಮಾಡ್ಬೇಕು, ಆಡೋರಿಗೆ ನಿಜವಾದ ಕೆಲಸ ಸಿಗೋದು ಅಲ್ಲೇ. ತಳದಿಂದ ಬಾಗಿಲು ತೆಗೆಯೋ ಬಾಬ್ರ್ ವ್ಯಾಗನ್ ಆದ್ರೆ ಬೇರೆ ಕಥೆ, ಕಪ್ಲಿಂಗ್ ಬಿಚ್ಚೋ ಹಾಗೇ ಇಲ್ಲ, ಟ್ರ್ಯಾಕ್ ಹಾಪರ್ (ಹಳಿ ಕೆಳಗಿನ ಗುಂಡಿ) ಮೇಲೆ ನಿಧಾನವಾಗಿ ಹೋಗ್ತಾ ಗಾಳಿ ಒತ್ತಡದಲ್ಲಿ ಬಾಗಿಲು ತೆಗೆದು ಸುರಿದು ಹೋಗ್ಬಹುದು, ಅದಕ್ಕೆ ಬಲೂನ್ ಲೂಪ್ (ಗಾಡಿ ಸುತ್ತಿ ಬಂದು ಬಂದ ದಾರಿಗೇ ಸೇರೋ ದುಂಡನೆ ಹಳಿ) ಹಾಕಿದ್ರೆ ಇಂಜಿನ್ ತಿರುಗಿಸೋ ತಾಪತ್ರಯನೂ ಇಲ್ಲ.

ಅಮೆರಿಕದ ರೂಟ್ ನೋಡಿ ಕಲಿತೋರು ಇಲ್ಲಿ ಸ್ವಲ್ಪ ಹುಷಾರಾಗಿರ್ಬೇಕು. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಜೊತೆ ಬಂದಿದ್ದ ಮರಿಯಾಸ್ ಪಾಸ್ ರೂಟು ಬಹಳ ಜನಕ್ಕೆ ಗೊತ್ತು, ಮೊಂಟಾನಾ ರಾಜ್ಯದ್ದು. ಆ ಕಡೆ ಊರೂರಿಗೆ ಗೋಧಿ ಎಲಿವೇಟರು (ಕಾಳು ತುಂಬಿಡೋ ಎತ್ತರದ ಗೋದಾಮು), ಮರದ ಮಿಲ್ಲು, ಒಂದೊಂದಕ್ಕೂ ಬರೀ ಎರಡು ಮೂರು ವ್ಯಾಗನ್ ಬಿಟ್ಟು ಬರೋ ಲೋಕಲ್ ಗೂಡ್ಸ್, ಹಾಗಾಗಿ ಅಲ್ಲಿ ಚಿಕ್ಕ ಚಿಕ್ಕ ಸೈಡಿಂಗೇ ಸರಿ. ಸೈಡಿಂಗ್ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದ್ರ ಮೇಲೆ ಇಡೀ ಆಟ ನಿಂತಿರತ್ತೆ, ನಾವು ಹೋಗ್ತಿರೋ ದಿಕ್ಕಿಗೇ ಕವಲೊಡೆದ್ರೆ ಇಂಜಿನ್ ಮೊದ್ಲು ಒಳಗೆ ಹೋಗಿ ಸಿಕ್ಕಾಕೊಳ್ಳತ್ತೆ, ಹಾಗಾಗಿ ಹತ್ರದಲ್ಲಿ ಒಂದು ಲೂಪ್ ಇರ್ಬೇಕು, ಇಂಜಿನ್ ಸುತ್ತು ಹಾಕಿ ಹಿಂದೆ ಬಂದು ನೂಕೋಕೆ. ಬ್ರಿಟನ್ನಿನ ಅಲನ್ ರೈಟ್ ಅನ್ನೋರ ಇಂಗಲ್‌ನೂಕ್ ಅನ್ನೋ ಮಾಡೆಲ್ ಲೇಔಟಲ್ಲಿ ಬರೀ ಮೂರು ಸೈಡಿಂಗು, ಎಂಟು ವ್ಯಾಗನ್, ಅದ್ರಲ್ಲಿ ಐದನ್ನ ಹೇಳಿದ ಕ್ರಮದಲ್ಲಿ ಜೋಡಿಸ್ಬೇಕು, ಅಷ್ಟಕ್ಕೇ 6,720 ಬೇರೆ ಬೇರೆ ಕ್ರಮ ಬರತ್ತೆ. ಆದ್ರೆ ನಮ್ಮಲ್ಲಿ ಗೂಡ್ಸ್ ಬಹುಪಾಲು ಇಡೀ ರೇಕ್ ಲೆಕ್ಕದಲ್ಲಿ ಹೋಗತ್ತೆ, ಒಂದೊಂದು ವ್ಯಾಗನ್ ಬಿಟ್ಟು ಬರೋ ಆಟವನ್ನ ಇವತ್ತಿನ ರಾಯಚೂರಿಗೆ ಹಾಗೇ ತಂದಿಟ್ರೆ ರೂಟ್ ಸುಳ್ಳು ಹೇಳ್ದಂಗಾಗತ್ತೆ.

ರೂಟ್ ಯಾವ ಇಸವಿದು ಅನ್ನೋದೂ ಅಷ್ಟೇ ಮುಖ್ಯ. ಅದೇ ಮೊಂಟಾನಾದ ಕೊಲಂಬಿಯಾ ಫಾಲ್ಸ್‌ನಲ್ಲಿ 1955ರಲ್ಲಿ ಶುರುವಾದ ಅಲ್ಯುಮಿನಿಯಂ ಪ್ಲಾಂಟ್ 2009ರಲ್ಲಿ ನಿಂತೋಯ್ತು, ಹೊಸಪೇಟೆ ಕಡೆಯಿಂದ ಗೋವಾಕ್ಕೆ ಹೋಗೋ ಲೈನು 1990ರ ದಶಕದವರೆಗೂ ಮೀಟರ್ ಗೇಜ್, 1985ರ ರೂಟಲ್ಲಿ ಆ ಲೈನಿನ ಘಾಟಿಗೆ ಬ್ರಾಡ್ ಗೇಜಿನ ಬಾಕ್ಸ್‌ಎನ್ ಹತ್ತಿಸೋ ಹಾಗಿಲ್ಲ.

ಇಳಿಜಾರಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಸಿಮ್ಯುಲೇಟರಲ್ಲಿ ನೆಲ ಕಣ್ಣಿಗೆ ಚಪ್ಪಟೆ ಕಂಡ್ರೂ ಹಳಿ ಚಪ್ಪಟೆ ಇರಲ್ಲ. ಸ್ಟೇಷನ್ ಯಾರ್ಡಲ್ಲಿ 400ಕ್ಕೆ 1ಕ್ಕಿಂತ (400 ಮೀಟರಿಗೆ 1 ಮೀಟರ್ ಇಳಿತ) ಜಾಸ್ತಿ ಇಳಿಜಾರು ಇರ್ಬಾರ್ದು, ಸಾಧ್ಯವಾದ್ರೆ 1,200ಕ್ಕೆ 1 ಇರ್ಲಿ ಅಂತ ನಮ್ಮ ರೈಲ್ವೆ ನಿಯಮ. ಕಾರಣ ಸರಳ ಫಿಸಿಕ್ಸು. 400ಕ್ಕೆ 1 ಅಂದ್ರೆ ಪ್ರತಿ ಟನ್ನಿಗೆ ಎರಡೂವರೆ ಕೆಜಿ ಎಳೆತ, ಲೋಡ್ ಆದ 81 ಟನ್ ವ್ಯಾಗನ್‌ಗೆ ಸುಮಾರು 200 ಕೆಜಿ. ರೋಲರ್ ಬೇರಿಂಗ್ ಇರೋ ವ್ಯಾಗನ್ ನಿಧಾನಕ್ಕೆ ಉರುಳ್ತಿರೋವಾಗ ಅದನ್ನ ತಡೆಯೋ ಘರ್ಷಣೆ ಟನ್ನಿಗೆ ಒಂದೆರಡು ಕೆಜಿ ಅಷ್ಟೇ, ನಿಂತಲ್ಲಿಂದ ಹೊರಡೋಕೆ ಮಾತ್ರ ಸ್ವಲ್ಪ ಜಾಸ್ತಿ ಬೇಕು. ಅಂದ್ರೆ ನಿಂತಿರೋ ವ್ಯಾಗನ್ ಸುಮ್ನೆ ನಿಂತಿರತ್ತೆ, ಯಾರಾದ್ರೂ ಮೆಲ್ಲಗೆ ಗುದ್ದಿದ್ರೋ ಮತ್ತೆ ನಿಲ್ಲಲ್ಲ! 1,200ಕ್ಕೆ 1 ಇದ್ರೆ ಎಳೆತ ಟನ್ನಿಗೆ ಒಂದು ಕೆಜಿಗಿಂತ ಕಮ್ಮಿ, ಗುದ್ದಿದ್ರೂ ತಾನಾಗೇ ನಿಲ್ಲತ್ತೆ. ಇದಕ್ಕೇ ಸೈಡಿಂಗ್ ಮೇನ್ ಲೈನ್ ಸೇರೋ ಜಾಗದಲ್ಲಿ ಟ್ರ್ಯಾಪ್ ಪಾಯಿಂಟ್ ಹಾಕಿರ್ತಾರೆ, ತಪ್ಪಿಸ್ಕೊಂಡ ವ್ಯಾಗನ್ ಪಕ್ಕಕ್ಕೆ ಬಿದ್ದು ಹೋಗ್ಲಿ, ಪ್ಯಾಸೆಂಜರ್ ಗಾಡಿ ಮುಂದೆ ಮಾತ್ರ ಹೋಗ್ಬಾರ್ದು ಅಂತ. ರೂಟಲ್ಲಿ ದಯವಿಟ್ಟು ಅದನ್ನ ಬಿಡಬೇಡಿ.

ಸಾಫ್ಟ್‌ವೇರ್ ಈಗ ಇದಕ್ಕೆಲ್ಲಾ ರೆಡಿ ಇದೆ. ಟ್ರೇನ್ಜ್ ಅನ್ನೋ ಸಿಮ್ಯುಲೇಟರಲ್ಲಿ 2004ರ ವರ್ಷನ್ನಿಂದಲೇ ಇಂಡಸ್ಟ್ರಿಗಳು ನಿಜವಾಗಿ ಸರಕು ತಗೊಂಡು ಕೊಡ್ತವೆ. ಫ್ರೀಯಾಗಿ ಸಿಗೋ ಓಪನ್ ರೈಲ್ಸ್ ಸಿಮ್ಯುಲೇಟರಲ್ಲಿ ಲೋಡಿಂಗ್ ಪಾಯಿಂಟ್ ಕೆಳಗೆ ವ್ಯಾಗನ್ ನಿಲ್ಲಿಸಿ ಟಿ ಕೀ ಒತ್ತಿದ್ರೆ, ಆ ವ್ಯಾಗನ್‌ಗೆ ಅದರ ಸೆಟ್ಟಿಂಗ್ ಬರೆದಿದ್ರೆ, ಕಲ್ಲಿದ್ದಲು ತುಂಬ್ತಾ ಹೋಗತ್ತೆ, ತೂಕನೂ ಅದೇ ಪ್ರಮಾಣದಲ್ಲಿ ಏರತ್ತೆ. ಎಫ್9 ಒತ್ತಿ ಒಂದೊಂದು ವ್ಯಾಗನ್‌ಗೂ ಹ್ಯಾಂಡ್‌ಬ್ರೇಕ್ ಹಾಕೋದು, ಬ್ರೇಕ್ ಪೈಪ್ ಜೋಡಿಸೋದು, ಆಂಗಲ್ ಕಾಕ್ (ಆ ಪೈಪಿನ ಗಾಳಿ ಕವಾಟ) ತೆಗೆಯೋದು ಮಾಡ್ಬಹುದು, ಪೈಪ್ ಜೋಡಿಸೋದು ಮರೆತ್ರೆ ಆ ವ್ಯಾಗನ್‌ಗಳ ಬ್ರೇಕ್ ನಿಮ್ಮ ಕೈಯಲ್ಲಿ ಇರಲ್ಲ.

ಹಾಗಾಗಿ ಶಕ್ತಿನಗರಕ್ಕೆ ಆಕ್ಟಿವಿಟಿ (ಆಡೋರಿಗೆ ಕೊಡೋ ಕೆಲಸ) ಬರೆಯೋದಾದ್ರೆ ಒಳಗೆ ಬರೋ ಗಾಡಿಯಷ್ಟೇ ಸಮಯ ಹೊರಗೆ ಹೋಗೋ ಖಾಲಿ ರೇಕಿಗೂ ಕೊಡಿ. ಬಂದಾಗ 4,700 ಟನ್ ಇದ್ದ ಗಾಡಿ ಹೋಗೋವಾಗ 1,300 ಟನ್, ಅದೇ ಇಂಜಿನ್, ಅದೇ ಬ್ರೇಕ್ ಹ್ಯಾಂಡಲ್, ಆದ್ರೆ ಹೊರಡೋದೂ ನಿಲ್ಲೋದೂ ಪೂರ್ತಿ ಬೇರೆ ಥರ. ಇಂಜಿನ್ ಇನ್ನೊಂದು ತುದಿಗೆ ಸುತ್ತಿ ಬಂದು, ಬ್ರೇಕ್ ಟೆಸ್ಟ್ ಮುಗಿಸಿ, ವಾಡಿ–ರಾಯಚೂರು ಮಧ್ಯೆ ಎರಡು ಎಕ್ಸ್‌ಪ್ರೆಸ್ ನಡುವೆ ಜಾಗ ಸಿಕ್ಕಾಗ ಮೇನ್ ಲೈನ್ ಹತ್ತಿ ಗಣಿ ಕಡೆ ಹೋಗ್ಬೇಕು, ಅದೂ ಮುಂದಿನ ರೇಕ್ ಬಂದು ಒಳಗೆ ಬರೋಕೆ ಹೋಮ್ ಸಿಗ್ನಲ್‌ನಲ್ಲಿ ಕಾಯ್ತಾ ನಿಲ್ಲೋಕೆ ಮುಂಚೆ.