ಉತಾರದ 11ನೇ ಕಾಲಂ ಮತ್ತು ಸರ್ಕಾರದ ಬೋಜಾ

ಬೆಳಗಾವಿ, ಬಾಗಲಕೋಟೆ ಕಡೆ ಜಮೀನು ಖರೀದಿಸುವವರು ಕಾಗದಪತ್ರ ತೋರಿಸಲು ನಮ್ಮಂಥ ವಕೀಲರ ಬಳಿ ಬರುವಾಗ ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನು ತಪ್ಪದೆ ತರುತ್ತಾರೆ. ಅದರಲ್ಲಿ ಏನೂ ನಮೂದಾಗಿಲ್ಲದಿದ್ದರೆ ಆಸ್ತಿಯ ಮೇಲೆ ಯಾವ ಹೊರೆಯೂ ಇಲ್ಲವೆಂದು ನಂಬಿಬಿಡುತ್ತಾರೆ. ಆದರೆ ಆ ಪತ್ರ ಹೇಳುವುದು ಆ ಕಚೇರಿಯಲ್ಲಿ ನೋಂದಣಿಯಾದ ಇಲ್ಲವೆ ಫೈಲಾದ ದಾಖಲೆಗಳನ್ನು ಮಾತ್ರ. ಸರ್ಕಾರಿ ಬಾಕಿಯ ಜಪ್ತಿ ಆದೇಶ ತಹಶೀಲ್ದಾರರಿಗಷ್ಟೇ ತಲುಪಿದ್ದರೆ, ಅದು ಕಾಣುವುದು ಉತಾರದ, ಅಂದರೆ ಪಹಣಿಯ, 11ನೇ ಕಾಲಂನಲ್ಲಿ, ಒಂದು ಮ್ಯುಟೇಶನ್ (ಕಂದಾಯ ದಾಖಲೆಯಲ್ಲಿ ಮಾಡುವ ಬದಲಾವಣೆ) ಸಂಖ್ಯೆಯ ಜೊತೆಗೆ.

ಗೋಕಾಕದಲ್ಲಿ ವ್ಯಾಪಾರ ಮಾಡುವವರೊಬ್ಬರು ಜಿಎಸ್‌ಟಿ ಬಾಕಿ ಉಳಿಸಿಕೊಂಡಿದ್ದಾರೆ ಎಂದುಕೊಳ್ಳೋಣ. ಅವರ ಹಳ್ಳಿಯ ಹೊಲವನ್ನು ಜಪ್ತಿ ಮಾಡುವ ಅಧಿಕಾರಿ, ಜಿಎಸ್‌ಟಿ ನಿಯಮ 147ರಂತೆ, ಆದೇಶದ ಪ್ರತಿಯನ್ನು ಕಂದಾಯ ಪ್ರಾಧಿಕಾರಕ್ಕೆ ಕಳುಹಿಸಿ ಬೋಜಾ, ಅಂದರೆ ಆಸ್ತಿಯ ಮೇಲಿನ ಹೊರೆ, ದಾಖಲಿಸಲು ತಿಳಿಸಬೇಕು. ಬೆಳಗಾವಿ ನಗರದ ಆಸ್ತಿಯಾದರೆ ಸಿಟಿ ಸರ್ವೆ ಉತಾರವನ್ನೂ ನೋಡಬೇಕಾಗುತ್ತದೆ.

ಇಂಥ ಬಾಕಿಗೆ ಇರುವ ಬಲವನ್ನು ಲಘುವಾಗಿ ಎಣಿಸಬಾರದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 158ನೇ ಕಲಂ ಸರ್ಕಾರದ ಬಾಕಿಗೆ ಅಡಮಾನ, ಡಿಕ್ರಿ ಮುಂತಾದ ಎಲ್ಲ ಹಕ್ಕುಗಳಿಗಿಂತ ಆದ್ಯತೆ ಕೊಡುತ್ತದೆ. ನಮ್ಮ ರಾಜ್ಯದಿಂದಲೇ ಹೋದ ದೇನಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ, ಭೂಕಂದಾಯ ಬಾಕಿಯಂತೆ ವಸೂಲಾಗುವ ಮಾರಾಟ ತೆರಿಗೆಗೂ ಈ ಆದ್ಯತೆ ಇದೆ, ಅದು ಬ್ಯಾಂಕಿನ ಅಡಮಾನವನ್ನೂ ಮೀರುತ್ತದೆ ಎಂದಿತು. 2020ರ ಜನವರಿ 24ರಂದು ಸರ್ಫೇಸಿ ಕಾಯ್ದೆಯ (ಬ್ಯಾಂಕುಗಳು ಅಡವಿಟ್ಟ ಆಸ್ತಿಯಿಂದ ಸಾಲ ವಸೂಲು ಮಾಡುವ ಕಾಯ್ದೆ) 26ಇ ಕಲಂ ಜಾರಿಗೆ ಬಂದ ಮೇಲೆ, ಆ ಕಾಯ್ದೆಯ ಕೇಂದ್ರ ನೋಂದಣಿಯಲ್ಲಿ ತಮ್ಮ ಅಡಮಾನವನ್ನು ದಾಖಲಿಸಿದ ಬ್ಯಾಂಕುಗಳಿಗೆ ಸರ್ಕಾರದ ತೆರಿಗೆಗಿಂತ ಮೊದಲ ಸ್ಥಾನ ದೊರೆತಿದೆ. ಆ ರಕ್ಷಣೆ ಬ್ಯಾಂಕಿನದು. ಹೊಲ ಕೊಳ್ಳುವ ರೈತನಿಗೆ ಅದು ಸಿಗುವುದಿಲ್ಲ.

ಹೆಚ್ಚಿನ ತೊಂದರೆ ಇರುವುದು ಬೋಜಾ ಇಳಿಸುವ ಹಂತದಲ್ಲಿ. ಬಾಕಿ ತುಂಬಿದ ಪಾವತಿಯನ್ನು ಕೈಯಲ್ಲಿ ಹಿಡಿದು ತಲಾಟಿಯವರ (ಗ್ರಾಮ ಆಡಳಿತಾಧಿಕಾರಿಯ) ಬಳಿ ಹೋದರೆ ಕೆಲಸವಾಗುವುದಿಲ್ಲ, ಏಕೆಂದರೆ ಬೋಜಾ ಹಾಕಿಸಿದ ಅಧಿಕಾರಿಯ ಲಿಖಿತ ಸೂಚನೆ ಬಂದ ಮೇಲೆಯೇ ಅದನ್ನು ತೆಗೆಯಬೇಕೆಂದು ಮೇಲೆ ಹೇಳಿದ 147ನೇ ನಿಯಮವೇ ಹೇಳುತ್ತದೆ. ಜಿಎಸ್‌ಟಿ ಕಾಯ್ದೆಯ 83ನೇ ಕಲಂ ಪ್ರಕಾರ ಆಗುವ ತಾತ್ಕಾಲಿಕ ಜಪ್ತಿ ಒಂದು ವರ್ಷಕ್ಕೆ ತಾನಾಗಿಯೇ ಮುಗಿಯುತ್ತದೆ, ಆದರೆ ಉತಾರದ ನಮೂದು ತಾನಾಗಿ ಅಳಿಯುವುದಿಲ್ಲ. ಆದ್ದರಿಂದ ಹಣ ತುಂಬಿದ ದಿನವೇ ಬಿಡುಗಡೆ ಆದೇಶಕ್ಕೆ ಅರ್ಜಿ ಕೊಡಿ, ಜಪ್ತಿಯ ಪ್ರತಿ ಯಾವ ಯಾವ ಕಚೇರಿಗೆ ಹೋಗಿತ್ತೋ ಅಲ್ಲೆಲ್ಲ ಬಿಡುಗಡೆಯ ಪ್ರತಿಯೂ ಮುಟ್ಟುವಂತೆ ನೋಡಿಕೊಳ್ಳಿ, ಹೊಸ ಮ್ಯುಟೇಶನ್ ಆಗಿ ಕಾಲಂ ಖಾಲಿಯಾದ ಉತಾರ ಕೈಗೆ ಬರುವವರೆಗೆ ಸುಮ್ಮನಾಗಬೇಡಿ. ಬೋಜಾ ಏರಿಸಲು ತಾನೇ ಪತ್ರ ಬರೆಯುವ ಇಲಾಖೆ, ಹಣ ಸಂದಾಯವಾದಾಗ ಇಳಿಸುವ ಪತ್ರವನ್ನೂ ತಾನೇ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಲೆದಾಟವನ್ನು ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇದ್ದು ಪೋಡಿಯಾಗದ (ಅಳತೆ ಮಾಡಿ ಪಾಲು ಬೇರ್ಪಡಿಸದ) ಸರ್ವೆ ನಂಬರುಗಳಲ್ಲಿ ಇನ್ನೊಂದು ತೊಡಕಿದೆ. ಒಬ್ಬನ ಬಾಕಿಗೆ ಏರಿದ ಬೋಜಾ ಇಡೀ ಉತಾರದ ಮೇಲೆ ಕಾಣುವುದರಿಂದ, ಉಳಿದವರು ತಮ್ಮ ಪಾಲಿನ ಮೇಲೆ ಸಾಲ ಪಡೆಯುವುದೂ ಕಷ್ಟವಾಗುತ್ತದೆ. ಬಾಕಿದಾರನ ಹಿಸ್ಸೆಗೆ ಮಾತ್ರ ನಮೂದು ಸೀಮಿತವಾಗಿರಬೇಕೆಂದು ತಹಶೀಲ್ದಾರರಲ್ಲಿ ಲಿಖಿತ ತಕರಾರು ಸಲ್ಲಿಸಬೇಕು. ಮ್ಯುಟೇಶನ್ ಆದೇಶ ತಪ್ಪೆನಿಸಿದರೆ ಭೂಕಂದಾಯ ಅಧಿನಿಯಮದ 136ನೇ ಕಲಂ ಅಡಿ 60 ದಿನಗಳೊಳಗೆ ಪ್ರಾಂತಾಧಿಕಾರಿಗಳಲ್ಲಿ (ಉಪವಿಭಾಗಾಧಿಕಾರಿಗಳಲ್ಲಿ) ಮೇಲ್ಮನವಿ ಹಾಕಲು ಅವಕಾಶವಿದೆ.

ಕೊಳ್ಳುವವರು ಸಂಚಕಾರ (ಮುಂಗಡ) ಕೊಡುವ ಮೊದಲು ಆ ವಾರದ ಉತಾರವನ್ನೇ ತೆಗೆಸಿ 11ನೇ ಕಾಲಂ ಓದಬೇಕು. ಅಲ್ಲಿ ಕಂಡ ಮ್ಯುಟೇಶನ್ ಪ್ರತಿಯನ್ನು ಪಡೆದು ಯಾವ ಇಲಾಖೆಯ, ಎಷ್ಟು ಮೊತ್ತದ ಬಾಕಿ ಎಂಬುದನ್ನು ತಿಳಿದುಕೊಳ್ಳಬೇಕು. ಬೋಜಾ ಇಳಿಸಿದ ಉತಾರ ಕೊಟ್ಟ ಮೇಲೆಯೇ ಉಳಿದ ಹಣ ಎಂಬ ಷರತ್ತನ್ನು ಸಂಚಕಾರ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಬೇಕು.