ಏಳುನೂರು ವರ್ಷ ಬೇರೆಯವರ ಆಳ್ವಿಕೆ, ಆದರೂ ಫಿನ್ನಿಶ್ ಉಳಿದದ್ದು ಹೇಗೆ?

ಓದುಗರ ಪ್ರಶ್ನೆ: ಫಿನ್ಲೆಂಡ್ ಸುಮಾರು 600 ವರ್ಷ ಸ್ವೀಡನ್ನಿನ ಕೈಯಲ್ಲಿತ್ತು. ಆಮೇಲೆ 108 ವರ್ಷ ರಷ್ಯಾದ ಚಕ್ರವರ್ತಿಗಳ ಕೈಯಲ್ಲಿ. ಇಷ್ಟಾದ ಮೇಲೂ ಅಲ್ಲಿಯ ಜನ ತಮ್ಮ ಭಾಷೆಯನ್ನೇ ಆಡುತ್ತಾರಲ್ಲ, ಅದು ಹೇಗೆ ಸಾಧ್ಯವಾಯಿತು?

ಉತ್ತರ: ಹಳ್ಳಿಯವರು ಬಿಡಲಿಲ್ಲ, ಅದಕ್ಕೇ ಉಳಿಯಿತು. ಎಲ್ಲರೂ ಹೇಳುವ ಉತ್ತರ ಇದು. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹಳ್ಳಿಯಲ್ಲಿ ಉಳಿದ ಭಾಷೆ ಶಾಲೆಗೆ, ಕೋರ್ಟಿಗೆ, ಪತ್ರಿಕೆಗೆ ಬರಬೇಕಾದರೆ ಬೇರೆ ಯಾರೋ ದುಡಿಯಬೇಕಾಗುತ್ತದೆ. ಫಿನ್ಲೆಂಡಿನಲ್ಲಿ ಆ ಕೆಲಸ ಮಾಡಿದವರಲ್ಲಿ ತುಂಬಾ ಜನರ ಮನೆಮಾತು ಫಿನ್ನಿಶ್ ಆಗಿರಲೇ ಇಲ್ಲ.

ಮೊದಲು ಭಾಷೆಯ ಬಗ್ಗೆ ಒಂದು ಮಾತು. ಫಿನ್ನಿಶ್ ಸ್ವೀಡಿಶ್‌ಗೂ ನೆಂಟ ಅಲ್ಲ, ರಷ್ಯನ್‌ಗೂ ಅಲ್ಲ. ಎಸ್ಟೋನಿಯನ್ ಹತ್ತಿರದ ನೆಂಟ, ಹಂಗೇರಿಯನ್ ದೂರದ ನೆಂಟ. ಮನೆಗೆ ಅಲ್ಲಿ ‘ತಲೊ’ ಅನ್ನುತ್ತಾರೆ. ಮನೆಯಲ್ಲಿ ಅನ್ನಲು ‘ತಲೊಸ್ಸ’, ಮನೆಯಿಂದ ಅನ್ನಲು ‘ತಲೊಸ್ತ’. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುವ ಈ ಅಭ್ಯಾಸ ನಮಗೆ ಚೆನ್ನಾಗಿ ಗೊತ್ತಿರುವುದೇ, ಅಲ್ವಾ? ಹಾಗಂತ ಕನ್ನಡಕ್ಕೂ ಅದಕ್ಕೂ ನಂಟು ಇದೆ ಅಂದುಕೊಳ್ಳಬೇಡಿ.

ಸ್ವೀಡನ್ನಿನ ಕಾಲದಲ್ಲಿ ಅಧಿಕಾರ, ಕೋರ್ಟು, ಮೇಲಿನ ಓದು ಯಾವುದೂ ಫಿನ್ನಿಶ್‌ನಲ್ಲಿ ಇರಲಿಲ್ಲ. ಆದರೆ ಚರ್ಚಿಗೆ ಫಿನ್ನಿಶ್ ಬೇಕಾಯಿತು. ದೇವರ ಮಾತು ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅನ್ನುವುದು ಲೂಥರ್ ಪಂಥದ ಹಟ. ಲೂಥರ್ ಇದ್ದ ವಿಟ್ಟೆನ್‌ಬರ್ಗ್‌ನಲ್ಲೇ ಓದಿ ಬಂದ ಮಿಕಾಯೆಲ್ ಆಗ್ರಿಕೊಲ ಮೊದಲು ಒಂದು ಅಕ್ಷರ ಕಲಿಸುವ ಪುಸ್ತಕ ಬರೆದರು. 1548ರಲ್ಲಿ ಹೊಸ ಒಡಂಬಡಿಕೆಯನ್ನು ಫಿನ್ನಿಶ್‌ಗೆ ತಂದರು. 1642ರಲ್ಲಿ ಇಡೀ ಬೈಬಲ್ ಬಂತು.

ಅದಕ್ಕಿಂತ ದೊಡ್ಡ ಬಲ ಕೊಟ್ಟಿದ್ದು 1686ರ ಚರ್ಚ್ ಕಾನೂನು. ಧರ್ಮದ ಪಾಠ ಓದಲು ಬಾರದವರಿಗೆ ಚರ್ಚಿನ ಪ್ರಸಾದ ಇಲ್ಲ, ಅದಿಲ್ಲದಿದ್ದರೆ ಮದುವೆಯೂ ಇಲ್ಲ. ಪಾದ್ರಿ ಹಳ್ಳಿಗೆ ಬರುತ್ತಿದ್ದರು. ಯಾವುದೋ ಒಂದು ಮನೆಯಲ್ಲಿ ಸುತ್ತಲಿನ ಜನ ಸೇರುತ್ತಿದ್ದರು. ಒಬ್ಬೊಬ್ಬರೇ ಎದ್ದು ಓದಬೇಕು. ಯಾರು ಎಷ್ಟು ಓದಿದರು ಅಂತ ಪಾದ್ರಿ ತನ್ನ ದಪ್ಪ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಬರೆಯಲು ಬರಲೇಬೇಕು ಅಂತೇನೂ ಇರಲಿಲ್ಲ, ಓದಲು ಬಂದರೆ ಸಾಕು. ಹೆದರಿಕೆಯಿಂದಲೋ ಭಕ್ತಿಯಿಂದಲೋ, ರೈತರ ಮಕ್ಕಳು ತಮ್ಮ ಭಾಷೆಯನ್ನು ಕಣ್ಣಿನಿಂದ ಓದಲು ಕಲಿತರು.

1809ರಲ್ಲಿ ಸ್ವೀಡನ್ ಯುದ್ಧ ಸೋತಿತು, ಫಿನ್ಲೆಂಡ್ ರಷ್ಯಾದ ಪಾಲಾಯಿತು. ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಹಳೆಯ ಕಾನೂನುಗಳನ್ನು ಹಾಗೇ ಬಿಟ್ಟ. ಫಿನ್ಲೆಂಡ್ ತನ್ನದೇ ಆಡಳಿತ ಇರುವ ಸಂಸ್ಥಾನವಾಯಿತು. ಇಲ್ಲಿಯ ಜನ ಸ್ವೀಡನ್ನಿನಿಂದ ದೂರವಾದಷ್ಟೂ ರಷ್ಯಾಕ್ಕೆ ಒಳ್ಳೆಯದು. ಹಾಗಾಗಿ ಫಿನ್ನಿಶ್ ಬೆಳೆಯುವುದಕ್ಕೆ ಅವರು ಮೊದಮೊದಲು ಅಡ್ಡಿ ಬರಲಿಲ್ಲ.

ಇಲ್ಲಿ ಎಲಿಯಾಸ್ ಲೋನ್‌ರೋಟ್ ಬರುತ್ತಾರೆ. ಬಡ ದರ್ಜಿಯ ಮಗ, ಕಾಯಾನಿ ಎಂಬ ದೂರದ ಊರಿನಲ್ಲಿ ಸರ್ಕಾರಿ ಡಾಕ್ಟರು. ರಜೆ ಸಿಕ್ಕಾಗಲೆಲ್ಲ ಹಾಡು ಹುಡುಕಿಕೊಂಡು ಹಳ್ಳಿಗಳಿಗೆ ನಡೆದು ಹೋಗುತ್ತಿದ್ದರು. 1834ರಲ್ಲಿ ಗಡಿಯಾಚೆಯ ಲತ್ವಯಾರ್ವಿ ಹಳ್ಳಿಯಲ್ಲಿ ಅರ್ಹಿಪ್ಪ ಪೆರ್ತ್ತುನೆನ್ ಎಂಬ ವಯಸ್ಸಾದ ರೈತ ಸಿಕ್ಕಿದರು. ಆತ ಹಾಡಿದ್ದು ನಾಲ್ಕು ಸಾವಿರ ಸಾಲಿಗೂ ಜಾಸ್ತಿ. ಹಾಡಿನ ನಡುವೆ ತನ್ನ ಬಾಲ್ಯ ನೆನೆಸಿಕೊಂಡರು. ಅಪ್ಪ ಮೀನು ಹಿಡಿಯಲು ಕೆರೆಗೆ ಹೋದಾಗ ಜೊತೆಗೊಬ್ಬ ಆಳು ಇರುತ್ತಿದ್ದನಂತೆ. ರಾತ್ರಿ ಬೆಂಕಿಯ ಪಕ್ಕ ಇಬ್ಬರೂ ಕೈ ಕೈ ಹಿಡಿದು ಬೆಳಗಿನವರೆಗೆ ಹಾಡುತ್ತಿದ್ದರಂತೆ. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುತ್ತಿರಲಿಲ್ಲವಂತೆ. ಆ ಹುಡುಗ ಕೂತು ಕೇಳಿಸಿಕೊಂಡಿದ್ದ. ಇಂಥ ಹಾಡುಗಳನ್ನು ಹೆಣೆದು ಲೋನ್‌ರೋಟ್ 1835ರಲ್ಲಿ ‘ಕಲೆವಲ’ ಎಂಬ ದೊಡ್ಡ ಕಾವ್ಯ ಹೊರತಂದರು. 1849ರ ಎರಡನೇ ಆವೃತ್ತಿಯಲ್ಲಿ 22,795 ಸಾಲುಗಳಿವೆ.

ಮೊದಲ ಆವೃತ್ತಿ ಅಚ್ಚಾಗಿದ್ದು 500 ಪ್ರತಿ. ಅಷ್ಟು ಖರ್ಚಾಗಲು ಹತ್ತು ವರ್ಷದ ಮೇಲೆ ಬೇಕಾಯಿತು. ಯಾಕಂದರೆ ಪುಸ್ತಕ ಕೊಳ್ಳುವ ಶಕ್ತಿ ಇದ್ದವರ ಮನೆಯಲ್ಲಿ ಸ್ವೀಡಿಶ್ ಇತ್ತು! ಫಿನ್ನಿಶ್ ಪರ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ ಸ್ನೆಲ್ಮನ್ ಕೂಡ ಬರೆದದ್ದು ಸ್ವೀಡಿಶ್‌ನಲ್ಲೇ. ಆದರೆ ಅವರು ಕೇಳಿದ ಪ್ರಶ್ನೆ ನಾಟಿತು. ಬಹುಪಾಲು ಜನರ ಭಾಷೆ ಬಾರದ ಓದಿದವರು ಆ ಜನರಿಗೆ ಏನಾಗಬೇಕು?

ಇದಾದ ಮೇಲೆ ನಡೆದದ್ದು ನನಗೆ ಇಡೀ ಕಥೆಯಲ್ಲೇ ಹೆಚ್ಚು ಇಷ್ಟ. ಸ್ವೀಡಿಶ್ ಆಡುವ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ದೊಡ್ಡವರಾದ ಮೇಲೆ ಫಿನ್ನಿಶ್ ಕಲಿತರು. ತಪ್ಪು ತಪ್ಪಾಗಿ ಆಡುತ್ತಲೇ ಮಕ್ಕಳ ಜೊತೆ ಅದನ್ನೇ ಬಳಸಿದರು. ಹೆಸರುಗಳೂ ಬದಲಾದವು. ಫೋರ್ಸ್‌ಮನ್ ಮನೆತನದ ಇತಿಹಾಸಕಾರರೊಬ್ಬರು ಕೋಸ್ಕಿನೆನ್ ಆದರು. ಸ್ವೀಡಿಶ್‌ನ ‘ಫೋರ್ಸ್’, ಫಿನ್ನಿಶ್‌ನ ‘ಕೋಸ್ಕಿ’, ಎರಡಕ್ಕೂ ಹೊಳೆ ರಭಸವಾಗಿ ಹರಿಯುವ ಜಾಗ ಅಂತಲೇ ಅರ್ಥ. 1906ರಲ್ಲಿ ಸ್ನೆಲ್ಮನ್ ಹುಟ್ಟಿ ನೂರು ವರ್ಷವಾದಾಗ ಸಾವಿರಾರು ಕುಟುಂಬಗಳು ಒಟ್ಟಿಗೆ ಹೆಸರು ಬದಲಿಸಿಕೊಂಡವು.

ಹೊಸ ಪದಗಳೂ ಹುಟ್ಟಿದವು. ವಿದ್ಯುತ್ತಿಗೆ ಒಬ್ಬ ಡಾಕ್ಟರು 1845ರಲ್ಲಿ ‘ಸಾಹ್‌ಕ್ಯೊ’ ಅಂತ ಪದ ಕಟ್ಟಿದರು. ಬುಸುಗುಡುವುದು, ಕಿಡಿ ಹಾರುವುದು ಎರಡರ ನೆನಪೂ ಅದರಲ್ಲಿದೆ. ಇವತ್ತಿಗೂ ಅದೇ ಪದ.

ಚಕ್ರವರ್ತಿಗಳ ಮನಸ್ಸು ಮಾತ್ರ ಒಂದೇ ತರಹ ಇರಲಿಲ್ಲ. ಯುರೋಪಿನ ದಂಗೆಗಳಿಗೆ ಹೆದರಿ 1850ರಲ್ಲಿ ಧರ್ಮ ಮತ್ತು ಬೇಸಾಯ-ಕಸುಬಿನ ವಿಷಯ ಬಿಟ್ಟು ಬೇರೇನೂ ಫಿನ್ನಿಶ್‌ನಲ್ಲಿ ಅಚ್ಚಾಗಬಾರದು ಅಂದರು. 1863ರಲ್ಲಿ ಎರಡನೇ ಅಲೆಕ್ಸಾಂಡರ್, 20 ವರ್ಷದೊಳಗೆ ಜನರ ಜೊತೆಗಿನ ವ್ಯವಹಾರದಲ್ಲಿ ಫಿನ್ನಿಶ್ ಸ್ವೀಡಿಶ್‌ಗೆ ಸಮ ಆಗಬೇಕು ಅಂತ ಆಜ್ಞೆ ಕೊಟ್ಟ. 1899ರಿಂದ ಎರಡನೇ ನಿಕೊಲಾಸ್ ಸಂಸ್ಥಾನದ ಹಕ್ಕುಗಳನ್ನು ಕಿತ್ತುಕೊಳ್ಳತೊಡಗಿದ, ಮರುವರ್ಷ ಆಡಳಿತಕ್ಕೆ ರಷ್ಯನ್ ತರಲು ಹೊರಟ.

ಆದರೆ ಆ ಹೊತ್ತಿಗೆ ತಡವಾಗಿತ್ತು. 1899ರಲ್ಲೇ ಚಳಿಗಾಲದ ಹಿಮದಲ್ಲಿ ಜನ ಸ್ಕೀ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗಿ, ಹಕ್ಕು ಕಿತ್ತುಕೊಳ್ಳಬೇಡಿ ಎಂಬ ಮನವಿಗೆ ಎರಡು ವಾರವೂ ತುಂಬುವ ಮೊದಲೇ ಐದು ಲಕ್ಷಕ್ಕೂ ಜಾಸ್ತಿ ಸಹಿ ಸೇರಿಸಿದರು. ದೇಶದ ಜನಸಂಖ್ಯೆಯೇ ಆಗ ಸುಮಾರು 26 ಲಕ್ಷ. ಮನವಿ ಹಿಡಿದು ಹೋದ 500 ಜನರನ್ನು ನಿಕೊಲಾಸ್ ಭೇಟಿಯಾಗಲೂ ಇಲ್ಲ. 1917ರ ಡಿಸೆಂಬರ್ 6ರಂದು ಫಿನ್ಲೆಂಡ್ ಸ್ವತಂತ್ರವಾಯಿತು. ಹೊಸ ದೇಶ ಸ್ವೀಡಿಶ್ ಭಾಷೆಯನ್ನು ಹೊರಗೆ ಹಾಕಲಿಲ್ಲ. ಎರಡೂ ರಾಷ್ಟ್ರಭಾಷೆಗಳಾದವು, ಈಗಲೂ ಹಾಗೇ ಇವೆ.

ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಮಾತನ್ನು ಬಿಟ್ಟರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಅವರ ಮಕ್ಕಳನ್ನು ಶಾಲೆಯ ಹಾಸ್ಟೆಲ್‌ಗಳಲ್ಲಿಟ್ಟು ಫಿನ್ನಿಶ್ ಮಾತ್ರ ಕಲಿಸಿದರು. ತಮಗಾದ ನೋವನ್ನೇ ಇನ್ನೊಬ್ಬರಿಗೆ ಮಾಡಿದರಲ್ಲ ಅಂತ ನನಗೆ ಬೇಜಾರಾಗುತ್ತದೆ. ಅವರ ಭಾಷೆಗಳಲ್ಲೊಂದಾದ ಇನಾರಿ ಸಾಮಿ ಇನ್ನೇನು ಹೋಗೇಬಿಟ್ಟಿತು ಅನ್ನುವಾಗ, 1997ರಲ್ಲಿ ಪುಟ್ಟ ಮಕ್ಕಳಿಗೆ ಆ ಭಾಷೆಯಲ್ಲೇ ನಡೆಯುವ ಶಿಶುವಿಹಾರ ತೆರೆದರು. ಈಗ ಅಲ್ಲಿ ಹೊಸ ತಲೆಮಾರು ಅದನ್ನು ಆಡುತ್ತಿದೆ.

ಈ ಕಥೆಯ ಒಂದು ಎಳೆ ನಮ್ಮ ದಕ್ಷಿಣ ಕನ್ನಡಕ್ಕೂ ಬಂದಿದೆ. ‘ಕಲೆವಲ’ದಂಥ ದೊಡ್ಡ ಕಾವ್ಯವನ್ನು ಒಬ್ಬನೇ ಹಾಡುಗಾರ ಪೂರ್ತಿ ಹಾಡಬಲ್ಲನೇ? ಲೋನ್‌ರೋಟ್ ಹೆಣೆದದ್ದು ಹಲವರ ಚಿಕ್ಕ ಚಿಕ್ಕ ಹಾಡುಗಳನ್ನು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊಗೆ ಇದಕ್ಕೆ ಉತ್ತರ ಸಿಕ್ಕಿದ್ದು ಬೆಳ್ತಂಗಡಿಯ ಕಡೆ. ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ಅವರು ಮಾಚಾರು ಗೋಪಾಲ ನಾಯ್ಕರ ತುಳು ಸಿರಿ ಪಾಡ್ದನವನ್ನು ರೆಕಾರ್ಡ್ ಮಾಡಿಕೊಂಡರು. ನಾಯ್ಕರು ದಿನಗಟ್ಟಲೆ ಹಾಡಿದರು. ಅದು 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಒಟ್ಟು 15,683 ಸಾಲು.