ಏರೇಟರ್ ಹಗಲು ಓಡಿಸ್ಬೇಕಾ, ರಾತ್ರಿ ಓಡಿಸ್ಬೇಕಾ?

ಪ್ರಶ್ನೆ: ಹಿತ್ತಲಲ್ಲಿ ಟಾರ್ಪಾಲ್ ಹಾಕಿ ಸಣ್ಣ ಹೊಂಡ ಮಾಡಿ ಕಾಟ್ಲಾ, ರೋಹು ಬಿಟ್ಟಿದೀವಿ. ಬಿಸಿಲು ಜಾಸ್ತಿ ಅಂತ ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಏರೇಟರ್ (ನೀರಿಗೆ ಗಾಳಿ ಬಿಡೋ ಪಂಪ್) ಹಾಕ್ತೀವಿ, ರಾತ್ರಿ ಆಫ್. ಆದ್ರೂ ಬೆಳಿಗ್ಗೆ ಎದ್ದು ನೋಡಿದ್ರೆ ಒಂದೆರಡು ಮೀನು ತೇಲ್ತಿರುತ್ತೆ, ಯಾಕೆ?

ಉತ್ತರ: ಉಲ್ಟಾ ಮಾಡ್ತಿದೀರ, ಅಷ್ಟೇ. ನಾನೂ ಮೊದಲ ಬೇಸಿಗೆ ಇದೇ ಮಾಡಿದ್ದು. ಬೈಬೇಡಿ ಅಂತ ಮೊದಲೇ ಹೇಳ್ಬಿಡ್ತೀನಿ.

ನೀರು ಬಿಸಿ ಆದಷ್ಟೂ ಅದರಲ್ಲಿ ಆಕ್ಸಿಜನ್ ನಿಲ್ಲೋದು ಕಮ್ಮಿ. 20 ಡಿಗ್ರಿ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುತ್ತೆ ಅಂದ್ರೆ 30 ಡಿಗ್ರಿಗೆ ಏಳೂವರೆ ಅಷ್ಟೇ, ಅದೇ ಹೊತ್ತಲ್ಲಿ ಬಿಸಿ ನೀರಲ್ಲಿ ಮೀನು ಉಸಿರಾಡೋದೂ ಜಾಸ್ತಿ ಆಗುತ್ತೆ, ಅಂದ್ರೆ ಆದಾಯ ಕಮ್ಮಿ ಖರ್ಚು ಜಾಸ್ತಿ. ಆದ್ರೆ ಹಗಲಲ್ಲಿ ಇದನ್ನ ತುಂಬೋಕೆ ಒಬ್ಬರು ಇರ್ತಾರೆ, ಹಸಿರು ಪಾಚಿ. ಬಿಸಿಲಿದ್ದಷ್ಟು ಹೊತ್ತು ಅದು ಪುಕ್ಕಟೆ ಆಕ್ಸಿಜನ್ ಬಿಡ್ತಾನೇ ಇರುತ್ತೆ, ನೀರು ದಟ್ಟ ಹಸಿರಿದ್ರೆ ಮಧ್ಯಾಹ್ನ ಬೇಕಾದ್ದಕ್ಕಿಂತ ಜಾಸ್ತಿನೇ ಆಗಿರುತ್ತೆ, ಆಗ ನೀವು ಗುಳ್ಳೆ ಬಿಟ್ರೆ ಇರೋ ಆಕ್ಸಿಜನ್ ಹೊರಗೆ ಹೋಗುತ್ತೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ನಿಮ್ಮ ಮೀನಿನ ಜೊತೆ ಪೈಪೋಟಿಗೆ ನಿಂತು ಆಕ್ಸಿಜನ್ ತಿನ್ನೋಕೆ ಶುರು ಮಾಡುತ್ತೆ, ತಳದಲ್ಲಿ ಕೊಳೀತಿರೋ ಫೀಡ್, ಹಿಕ್ಕೆ ಎಲ್ಲವೂ ಆಕ್ಸಿಜನ್ನೇ ತಿನ್ನುತ್ತೆ. ಹೀಗೆ ಇಳೀತಾ ಇಳೀತಾ ತೀರಾ ತಳ ಮುಟ್ಟೋದು ಬೆಳಗಿನ ಜಾವ, ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ.

ಒಂದಿನ ಐದೂವರೆಗೆ ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ. ಮೀನೆಲ್ಲ ಮೇಲೆ ಬಂದು ಬಾಯಿ ಬಿಟ್ಟು ಬಿಟ್ಟು ಮುಚ್ತಿದ್ರೆ, ನೀವು ಹತ್ರ ಹೋದ್ರೂ ಕೆಳಗೆ ಓಡದಿದ್ರೆ, ಅದು ಹಸಿವಲ್ಲ, ಉಸಿರು ಕಟ್ಟಿರೋದು. ಫೀಡ್ ಹಾಕ್ಬಿಟ್ಟೀರ ಮತ್ತೆ! ಸತ್ತಿರೋದ್ರಲ್ಲಿ ದೊಡ್ಡವೇ ಜಾಸ್ತಿ ಇದ್ರೂ ಆಕ್ಸಿಜನ್ ಮೇಲೇ ಅನುಮಾನ ಪಡಿ, ಮೊದಲು ಹೋಗೋದು ಅವೇ. ನಮ್ಮಲ್ಲಿ ಮೀನು ಸತ್ತ ದಿನ ಯಾರೋ ವಿಷ ಹಾಕಿದಾರೆ ಅಂತ ಪಕ್ಕದ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ರು.

ಹಾಗಾಗಿ ರಾತ್ರಿ 9ಕ್ಕೆ ಹಾಕಿ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ 8ಕ್ಕೋ 9ಕ್ಕೋ ತೆಗೀರಿ. ದಿನವಿಡೀ ಮೋಡ ಇದ್ರೆ ಪಾಚಿ ಕೆಲಸ ಮಾಡಲ್ಲ, ಅವತ್ತು ಹಗಲೂ ಬೇಕು. ನೀರು ತಿಳಿಯಾಗಿದ್ದು ಮೀನು ಜಾಸ್ತಿ ಇದ್ರೂ ಅಷ್ಟೇ, 24 ಗಂಟೆ ಬಿಡಿ. 35 ವ್ಯಾಟ್ ಪಂಪ್ ಇಡೀ ದಿನ ಓಡಿದ್ರೂ ಒಂದು ಯೂನಿಟ್ ಆಗಲ್ಲ, ಅದಕ್ಕೆ ಜಿಪುಣತನ ಬೇಡ.

ಇನ್ನೊಂದು, ಏಪ್ರಿಲ್ ಮೇ ಸಂಜೆ ಗುಡುಗು ಸಿಡಿಲಿನ ಮಳೆ. ಬಿಸಿಲಿಗೆ ಮೇಲಿನ ನೀರು ಕಾದು, ತಳದ ನೀರು ತಣ್ಣಗೆ ಆಕ್ಸಿಜನ್ ಇಲ್ಲದೆ ಕೂತಿರುತ್ತೆ, ಆಳ ಇದ್ದಷ್ಟೂ ಇದು ಜಾಸ್ತಿ. ಒಂದು ಜೋರು ಮಳೆಗಾಳಿಗೆ ಎರಡೂ ಕಲಸಿಬಿಟ್ರೆ ರಾತ್ರೋರಾತ್ರಿ ಮೀನೆಲ್ಲ ಸತ್ತು ಹೊಂಡ ಖಾಲಿ. ದಿನಾ ಗಾಳಿ ಬಿಡ್ತಿದ್ರೆ ನೀರು ಹಾಗೆ ಪದರ ಕಟ್ಟಲ್ಲ. ಆದ್ರೆ ತಿಂಗಳುಗಟ್ಟಲೆ ಸುಮ್ನೆ ನಿಂತಿದ್ದ ಹೊಂಡಕ್ಕೆ ಮೊದಲ ದಿನವೇ ಇಡೀ ರಾತ್ರಿ ಬಿಡಬೇಡಿ, ತಳದ ಕೆಟ್ಟ ನೀರೆಲ್ಲ ಒಟ್ಟಿಗೆ ಮೇಲೆ ಬರುತ್ತೆ. ಅರ್ಧ ಗಂಟೆಯಿಂದ ಶುರು ಮಾಡಿ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಏರ್ ಸ್ಟೋನ್ (ಪೈಪಿನ ತುದಿಯಲ್ಲಿ ಗುಳ್ಳೆ ಬಿಡೋ ಕಲ್ಲು) ಕೆಸರಲ್ಲಿ ಹೂತು ಹೋಗದ ಹಾಗೆ ಒಂದು ಇಟ್ಟಿಗೆ ಮೇಲೆ ಇಡಿ.

ಪಂಪನ್ನ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲಾಂದ್ರೆ ಕರೆಂಟ್ ಹೋದಾಗ ಪೈಪಲ್ಲಿ ನೀರು ವಾಪಸ್ ಬಂದು ಪಂಪ್ ಸುಟ್ಟುಹೋಗುತ್ತೆ. ಕರೆಂಟ್ ರಾತ್ರಿಯೇ ಕೈಕೊಟ್ರೆ ಬಕೆಟ್ಟಲ್ಲಿ ಅದೇ ನೀರು ಎತ್ತಿ ಎತ್ತಿ ಎದೆ ಎತ್ತರದಿಂದ ಸುರೀರಿ, ಗುಳ್ಳೆಗಿಂತ ನೀರಿನ ಮೇಲ್ಮೈ ಕದಡೋದೇ ಮುಖ್ಯ. ಬೋರ್ ನೀರು ಬಿಡೋದಾದ್ರೆ ಪೈಪಿನ ಬಾಯಿಗೆ ಬೆರಳು ಒತ್ತಿ ಚಿಮ್ಮಿಸಿ, ನೆಲದೊಳಗಿಂದ ಬರೋ ನೀರಲ್ಲಿ ಆಕ್ಸಿಜನ್ ಕಮ್ಮಿ ಇರುತ್ತೆ.

ರಾತ್ರಿಯೆಲ್ಲ ಗುಂಯ್ ಅಂತ ಸದ್ದು, ನಿದ್ದೆ ಬರಲ್ಲ ಅಂತ ಮನೇಲಿ ಗೊಣಗಿದ್ರೆ ಪಂಪ್ ಕೆಳಗೆ ಹಳೇ ಹವಾಯಿ ಚಪ್ಪಲಿ ಇಡಿ. ನಮ್ಮನೇಲಿ ಎರಡು ವರ್ಷದಿಂದ ಎಡಗಾಲಿಂದೇ ಇದೆ.